ಬಾಳಿ ಬದುಕಿದ ಮುಂಬೈಗೆ ಈಗ ಟೂರಿಸ್ಟ್ ಆಗಿ ಹೋಗೋದು: ನೀವೆಲ್ಲ ಏನು ಮಾಡ್ತೀರಿ?

ತುಂಗೆ_ದಂಡೆ
ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಮುಂಬೈಗೆ ಹೋದವಳು ನಾನು. ಘಾಟ್ಕೋಪರ್‌ನಲ್ಲಿ ಮನೆ, ಫೋರ್ಟ್‌ನಲ್ಲಿ ಆಫೀಸು. 2005ರ ಆ ಮಹಾಮಳೆಯ ಮುಂದಿನ ವರ್ಷ ಯಜಮಾನರಿಗೆ ವರ್ಗವಾಗಿ ಶಿವಮೊಗ್ಗಕ್ಕೆ ಬಂದೆವು.

ಆಮೇಲೆ ನೆಂಟರ ಮದುವೆಗೆಂದು ಹೋಗಿದ್ದೆ. ಏರ್‌ಪೋರ್ಟ್‌ಗೆ ಕಾರು ಬಂತು. ಹಾಲ್‌ಗೂ ಕಾರು, ವಾಪಸ್ಸಿಗೂ ಕಾರು. ನಾನು ನೋಡಿದ್ದು ಬರೀ ಫ್ಲೈಓವರ್ ಕಂಬಗಳನ್ನು. ಮುಂಬೈಗೆ ಹೋಗಿ ಬಂದೆ ಅಂತ ಹೇಳಿಕೊಳ್ಳೋಕೂ ಮನಸ್ಸು ಬರಲಿಲ್ಲ.

ಈಗ ಮಗಳು ಅಳಿಯ ಕರೆದುಕೊಂಡು ಹೋಗ್ತೀವಿ ಅಂತಿದ್ದಾರೆ. ಅವರ ಪಟ್ಟಿಯಲ್ಲಿ ಗೇಟ್‌ವೇ, ಎಲಿಫೆಂಟಾ, ಮರೀನ್ ಡ್ರೈವ್, ಬಾಂದ್ರಾದಲ್ಲಿ ಸಿನಿಮಾ ನಟರ ಮನೆ ಇವೆ. ನನ್ನ ಪಟ್ಟಿ ಬೇರೆ. ಬೆಳಗ್ಗೆ ಲೇಡೀಸ್ ಡಬ್ಬಾದಲ್ಲಿ ನಿಂತು ವಿ.ಟಿ.ಗೆ (ಈಗಿನ ಸಿ.ಎಸ್.ಎಂ.ಟಿ. ಸ್ಟೇಷನ್) ಹೋಗಬೇಕು. ಮಾಟುಂಗಾದಲ್ಲಿ ಹೂವು ತಗೋಬೇಕು. ಫೋರ್ಟ್‌ನ ಗಲ್ಲಿಗಳಲ್ಲಿ ಸುಮ್ನೆ ಓಡಾಡಬೇಕು. ಅಳಿಯ ನಗುತ್ತಾ "ಅಮ್ಮಾ, ಇದು ಟೂರಲ್ಲ, ಶಿಕ್ಷೆ" ಅಂತಾರೆ.

ಊರು ಬಿಟ್ಟವರು ಮತ್ತೆ ಹೋದಾಗ ಏನು ಮಾಡ್ತೀರಿ? ಎಲ್ಲಿ ಉಳಿದುಕೊಳ್ಳೋದು ಒಳ್ಳೇದು? ಲೋಕಲ್ ರೈಲು ನನ್ನ ವಯಸ್ಸಿನವರಿಗೆ ಆಗುತ್ತಾ? ಏನು ಉಳಿದಿದೆ, ಏನು ಹೋಗಿದೆ, ಗೊತ್ತಿರೋರು ಹೇಳಿ.

ಕಿಂಗ್ಸ್‌ಸರ್ಕಲ್_ಮಂದಿ
ಮೊದಲು ರೂಮಿನ ವಿಷಯ. ಬಾಂದ್ರಾ, ಅಂಧೇರಿ ಬೇಡ. ದಾದರ್ ಈಸ್ಟ್ ಅಥವಾ ಮಾಟುಂಗಾ ಸುತ್ತ ನೋಡಿ. ದಾದರ್‌ನಲ್ಲಿ ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನ್ ಸಿಗುತ್ತೆ. ಮಾಟುಂಗಾದಲ್ಲಿ ಇವತ್ತಿಗೂ ಸ್ಲೋ (ಎಲ್ಲ ಸ್ಟೇಷನ್‌ನಲ್ಲೂ ನಿಲ್ಲೋ ಗಾಡಿ) ಮಾತ್ರ ನಿಲ್ಲೋದು.

ಊಟಕ್ಕೆ ಚಿಂತೆ ಬೇಡ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಅದೇ ಸ್ಟೇಷನ್ ಪಕ್ಕ, ಅದೇ ಮಹಡಿ, ಅದೇ ಬಾಳೆ ಎಲೆ. ಕೆಫೆ ಮದ್ರಾಸ್, ರಾಮಾಶ್ರಯ, ಕೆಫೆ ಮೈಸೂರು ಎಲ್ಲ ಇವೆ. ಭಾನುವಾರ ಬೆಳಗ್ಗೆ ಮಾತ್ರ ಆ ಕಡೆ ಹೋಗಬೇಡಿ. ಹೆಸರು ಬರೆಸಿ ರಸ್ತೆಯಲ್ಲಿ ಕಾಯಬೇಕು. ಸೋಮವಾರ ಕೆಲವು ಕಡೆ ಬಾಗಿಲು ಹಾಕಿರ್ತಾರೆ, ವಿಚಾರಿಸಿಕೊಂಡು ಹೋಗಿ.

ಅಂಬೊಲಿ_ಅನಂತ
ಕೆಫೆ ಮದ್ರಾಸ್ ಮುಂದೆ ಕಾಯೋ ಜನರನ್ನ ನೋಡೋದೂ ಟೂರಲ್ಲೇ ಸೇರಿಸಿ 😀

ಡೊಂಬಿವಲಿ_ನಿವಾಸಿ
ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ನೇರವಾಗಿ ಹೇಳ್ತೀನಿ. ಬೆಳಗ್ಗೆ ಎಂಟರಿಂದ ಹತ್ತೂವರೆ ಒಳಗೆ ಲೋಕಲ್ ಹತ್ತೋ ಆಸೆ ಬಿಟ್ಟುಬಿಡಿ. ನಾವು ಆ ಗಾಡಿಯಲ್ಲಿ ಹೋಗೋದು ಇಷ್ಟಪಟ್ಟಲ್ಲ, ಬೇರೆ ದಾರಿ ಇಲ್ಲ ಅಂತ. 2025ರ ಜೂನ್‌ನಲ್ಲಿ ಮುಂಬ್ರಾ ಹತ್ತಿರ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರು. ಅದು ನನ್ನ ಲೈನು. ಆ ದಿನ ಮನೆಯಿಂದ ಎಷ್ಟು ಫೋನ್ ಬಂತು ಅಂತ ನನಗೆ ಗೊತ್ತು. ಅದೇ ಗಾಡಿಗೆ ಯಾರೋ ನೆನಪು ಹುಡುಕಿಕೊಂಡು ಬಂದು ಹತ್ತಿ, "ಆಹಾ, ನಮ್ಮ ಕಾಲದಲ್ಲೂ ಹೀಗೇ ಇತ್ತು" ಅಂದರೆ ಮೈ ಉರಿಯುತ್ತೆ.

ನೀವು ಬಿಟ್ಟು ಹೋದ ಮುಂಬೈಯನ್ನ ನಿಮಗೋಸ್ಕರ ನಾವು ಹಾಗೇ ಕಾಪಾಡಿ ಇಟ್ಟಿಲ್ಲ.

ತುಂಗೆ_ದಂಡೆ
ಬೇಜಾರೇನಿಲ್ಲ ತಮ್ಮಾ. ಆದರೆ ನಾನೂ ಘಾಟ್ಕೋಪರ್‌ನಿಂದ ದಿನಾ ಅದೇ ಸೆಂಟ್ರಲ್ ಲೈನಿನಲ್ಲಿ ಹೋದವಳು. ಹೊಟ್ಟೆಯಲ್ಲಿ ಮಗು ಇದ್ದಾಗಲೂ ಹೋಗಿದ್ದೀನಿ. ಆಹಾ ಅನ್ನೋಕೆ ಬರ್ತಿಲ್ಲ.

ಲೇಡೀಸ್_ಸ್ಪೆಷಲ್
ಇಬ್ಬರೂ ಸರಿ, ಸಮಾಧಾನ ಮಾಡಿಕೊಳ್ಳಿ. ದಾರಿ ಇದೆ. ಬೆಳಗ್ಗೆ ಜನ ದಕ್ಷಿಣಕ್ಕೆ ನುಗ್ಗುತ್ತಾರೆ, ಸಂಜೆ ಉತ್ತರಕ್ಕೆ. ನೀವು ಉಲ್ಟಾ ಹೋಗಿ. ಬೆಳಗ್ಗೆ ದಾದರ್‌ನಿಂದ ಠಾಣೆ ಕಡೆ ಹೋಗೋ ಸ್ಲೋ ಹತ್ತಿ ಘಾಟ್ಕೋಪರ್‌ನಲ್ಲಿ ಇಳೀರಿ. ಹಳೆ ಮನೆ ನೋಡಿ. ಹನ್ನೊಂದೂವರೆ ಮೇಲೆ ವಿ.ಟಿ. ಕಡೆ ಹೊರಡಿ, ನಿಂತರೂ ಉಸಿರಾಡಬಹುದು. ಕಿಟಕಿ ಪಕ್ಕ ಸೀಟು ಸಿಕ್ಕರೂ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯ. ಭಾನುವಾರ ಸೆಂಟ್ರಲ್ ಮತ್ತು ಹಾರ್ಬರ್‌ನಲ್ಲಿ ಮೆಗಾ ಬ್ಲಾಕ್ ಇರುತ್ತೆ, ಅಂದರೆ ಹಳಿ ಕೆಲಸಕ್ಕೆ ಕೆಲವು ಗಾಡಿ ನಿಲ್ಲಿಸ್ತಾರೆ. ಹಿಂದಿನ ದಿನವೇ ನೋಡಿಕೊಳ್ಳಿ. ಅಳಿಯನಿಗೆ ಫಸ್ಟ್ ಕ್ಲಾಸ್ ಡಬ್ಬದ ಕೆಂಪು ಹಳದಿ ಪಟ್ಟೆ ತೋರಿಸಿಡಿ. ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಅದಕ್ಕೆ ಹತ್ತಿ ದಂಡ ಕಟ್ಟುವವರು ಹೆಚ್ಚಾಗಿ ಹೊರಗಿನವರೇ.

ದಿನಕ್ಕೆ ಹತ್ತು ಸಲ ಟಿಕೆಟ್ ತೆಗೆಯೋ ತಾಪತ್ರಯ ಬೇಡ ಅಂದರೆ ಟೂರಿಸ್ಟ್ ಟಿಕೆಟ್ ಸಿಗುತ್ತೆ. ಒಂದು, ಮೂರು, ಐದು ದಿನಕ್ಕೆ. ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಬೇಕು.

ಅಂಬೊಲಿ_ಅನಂತ
ಎ.ಸಿ. ಲೋಕಲ್ ಇದೆಯಲ್ಲ, ಅದರಲ್ಲಿ ಹೋಗಿ. ಬಾಗಿಲು ತಾನೇ ಮುಚ್ಚಿಕೊಳ್ಳುತ್ತೆ.

ಲೇಡೀಸ್_ಸ್ಪೆಷಲ್
ಅದು ನಿಮ್ಮ ವೆಸ್ಟರ್ನ್‌ನಲ್ಲಿ 2017ರ ಕ್ರಿಸ್‌ಮಸ್ ದಿನದಿಂದ ಓಡ್ತಿದೆ. ನಮ್ಮ ಸೆಂಟ್ರಲ್‌ಗೆ ಆಮೇಲೆ ಬಂತು. ಆದರೆ ಅಕ್ಕನಿಗೆ ಬೇಕಿರೋದು ಅದಲ್ಲ ಅನ್ಸುತ್ತೆ. ಮುಚ್ಚಿದ ಬಾಗಿಲ ಗಾಡಿಯಲ್ಲಿ ಸೇಫ್ಟಿ ಪಿನ್ ಮಾರೋಳು, ಕಡಲೆ ಚಿಕ್ಕಿಯವನು ಅಷ್ಟು ಸಿಗಲ್ಲ.

ಪರೇಲ್_ಬಿಟ್ಟವನು
ನಾನು ಸ್ವಲ್ಪ ಉದ್ದ ಬರೀತೀನಿ, ಓದೋರು ಓದಿ.

ನಮ್ಮ ಚಿಕ್ಕಪ್ಪ ಪರೇಲ್‌ನಲ್ಲಿ ಮಿಲ್ ಕೆಲಸಕ್ಕಿದ್ದರು. 1982ರ ಮುಷ್ಕರದ ನಂತರ ಅವರ ಕೆಲಸ ಹೋಯಿತು. ಆದರೂ ಊರು ಬಿಡಲಿಲ್ಲ. ನಾನು ಅವರ ಖೋಲಿಯಲ್ಲೇ ಇದ್ದುಕೊಂಡು ಕಾಲೇಜು ಮುಗಿಸಿ ಕೆಲಸ ಹಿಡಿದೆ. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ಸುಮ್ನೆ ನೋಡೋಕೆ ಅಂತ ಹೋದೆ. ಒಂದೇ ದಿನಕ್ಕೆ ಸಾಕಾಯಿತು. ಯಾರಿಗೂ ನನ್ನಿಂದ ಏನೂ ಆಗಬೇಕಿಲ್ಲ, ನನಗೂ ಅವರಿಂದ ಏನೂ ಆಗಬೇಕಿಲ್ಲ. ಕೆಲಸ ಇಲ್ಲದವನಿಗೆ ಮುಂಬೈಯಲ್ಲಿ ನಿಲ್ಲೋಕೂ ಜಾಗ ಇಲ್ಲ. ಸ್ಟೇಷನ್ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತರೆ ಹಿಂದಿನವನು "ಚಲೋ, ಚಲೋ" ಅಂತ ತಳ್ಳುತ್ತಾನೆ.

ಅದಾದ ಮೇಲೆ ನಾನು ಹೋಗುವಾಗಲೆಲ್ಲ ಏನಾದರೂ ಒಂದು ಕೆಲಸ ಇಟ್ಟುಕೊಂಡು ಹೋಗ್ತೀನಿ. ಸಣ್ಣದಾದರೂ ಸರಿ. ಹಳೆ ವಾಚ್ ರಿಪೇರಿ ಮಾಡಿಸೋದು. ಹೆಂಡತಿ ಹೇಳಿದ ಲೇಸ್ ತರೋದು. ಲೋಹಾರ್ ಚಾಲ್‌ನಿಂದ ಒಂದು ಸ್ವಿಚ್ಚು. ಪರಿಚಯದವರ ಮನೆಗೆ ಉಪ್ಪಿನಕಾಯಿ ಡಬ್ಬಿ ತಲುಪಿಸೋದು. ಆಗ ಆ ಅಂಗಡಿ ಎಲ್ಲಿ, ಎಷ್ಟೊತ್ತಿಗೆ ತೆಗೀತಾನೆ, ಯಾವ ಬಸ್ಸು ಅಂತ ಕೇಳಬೇಕಾಗುತ್ತೆ. ನಾಲ್ಕು ಜನ ಮಾತಾಡಿಸುತ್ತಾರೆ, ಇಬ್ಬರು ಬೈತಾರೆ. ಅಲ್ಲಿಗೆ ಊರು ಸಿಕ್ಕಿತು.

ಆದ್ದರಿಂದ ಅಕ್ಕಾ, ಸ್ಥಳಗಳ ಪಟ್ಟಿ ಬಿಡಿ. ಕೆಲಸಗಳ ಪಟ್ಟಿ ಮಾಡಿ.

ಕಿಂಗ್ಸ್‌ಸರ್ಕಲ್_ಮಂದಿ
ಇದು ಸರಿಯಾದ ಮಾತು. ಬ್ಲೌಸ್ ಪೀಸ್ ತಗೊಂಡು ಹೋಗಿ, ದಾದರ್‌ನಲ್ಲಿ ಮ್ಯಾಚಿಂಗ್ ಹುಡುಕಿ. ಅರ್ಧ ದಿನ ಕಳೆಯುತ್ತೆ.

ಡೊಂಬಿವಲಿ_ನಿವಾಸಿ
ಉಪ್ಪಿನಕಾಯಿ ಡಬ್ಬಿ ನಮ್ಮ ಮನೆಗೇ ತಲುಪಿಸಿ. ಸ್ಲೋ ಗಾಡಿಯಲ್ಲಿ ಬನ್ನಿ, ಮಧ್ಯಾಹ್ನ 😄

ಜಾಣ_ಪ್ರಯಾಣಿಕ
ಪರೇಲ್ ಅವರೇ, ಕೇಳೋಕೆ ಚೆನ್ನಾಗಿದೆ. ಆದರೆ ಇದೂ ಒಂಥರಾ ನಾಟಕ ಅಲ್ವಾ? ಬೇಡದ ಸ್ವಿಚ್ಚು ತಗೊಂಡು ನಾನೂ ಈ ಊರವನೇ ಅಂದುಕೊಳ್ಳೋದು. ಎಲಿಫೆಂಟಾಗೆ ಹೋಗೋದರಲ್ಲಿ ತಪ್ಪೇನಿದೆ? ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಅದನ್ನು ನೋಡೇ ಇಲ್ಲ. ಅಕ್ಕ, ನೀವು ನೋಡಿದ್ದೀರಾ?

ತುಂಗೆ_ದಂಡೆ
ಇಲ್ಲ ಮಾರಾಯ್ರೆ. ಹದಿನೈದು ವರ್ಷ "ಮುಂದಿನ ಭಾನುವಾರ" ಅಂತಲೇ ಕಳೆಯಿತು. ಭಾನುವಾರ ಬಟ್ಟೆ ಒಗೆಯೋದೇ ಆಗ್ತಿತ್ತು.

ಜಾಣ_ಪ್ರಯಾಣಿಕ
ನೋಡಿ. ಮಗಳ ಪಟ್ಟಿಗೂ ಬೆಲೆ ಇದೆ.

ಪರೇಲ್_ಬಿಟ್ಟವನು
ಸ್ವಿಚ್ಚು ಬೇಕಿತ್ತು ಸರ್. ಬಚ್ಚಲುಮನೆಯದ್ದು ಕೆಟ್ಟಿತ್ತು.

ಮೀಟರ್_ಡೌನ್
ಟ್ಯಾಕ್ಸಿ ವಿಷಯ ಯಾರೂ ಎತ್ತಲಿಲ್ಲ. ಹಳೆ ಪದ್ಮಿನಿ ಕಾರಿನ ಟ್ಯಾಕ್ಸಿ ಹುಡುಕಬೇಡಿ ಮೇಡಂ, ಹೋಯಿತು. ಸರ್ಕಾರ ಒಂದೇ ಸಲ ಎಲ್ಲ ನಿಲ್ಲಿಸಿಬಿಡ್ತು. ಕಾಲಿ ಪೀಲಿ (ಕಪ್ಪು ಹಳದಿ) ಯುಗ ಮುಗಿಯಿತು.

ತಾಡದೇವ್_ತಾತ
ಒಂದೇ ಸಲ ನಿಲ್ಲಿಸಲಿಲ್ಲ. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷ ಅಂತ ಮಿತಿ ಇದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆಗಿದ್ದು 2003ರ ಅಕ್ಟೋಬರ್‌ನಲ್ಲಿ. ಲೆಕ್ಕ ಹಾಕಿ, 2023ರ ಅಕ್ಟೋಬರ್‌ಗೆ ಅದರ ಆಯುಸ್ಸು ಮುಗಿಯಿತು. ಕಪ್ಪು ಹಳದಿ ಬಣ್ಣ ಎಲ್ಲೂ ಹೋಗಿಲ್ಲ. ಈಗ ಬೇರೆ ಕಾರುಗಳಿಗೆ ಅದೇ ಬಣ್ಣ. ಮಿನಿಮಮ್ 31 ರೂಪಾಯಿ, 2025ರ ಫೆಬ್ರವರಿಯಿಂದ.

ಕೆಂಪು ಡಬಲ್ ಡೆಕರ್ ಹೋಗಿದ್ದೂ ಅದೇ ಸುಮಾರಿಗೆ, 2023ರ ಸೆಪ್ಟೆಂಬರ್. 1937ರಿಂದ ಓಡ್ತಿದ್ದವು. ಈಗ ಬ್ಯಾಟರಿಯ ಡಬಲ್ ಡೆಕರ್ ಬಂದಿವೆ. ಮೇಲೆ ಮುಂದಿನ ಸೀಟಿನಲ್ಲಿ ಕೂತರೆ ಗಾಳಿ ಬರಲ್ಲ, ಎ.ಸಿ. ಬರುತ್ತೆ. ಬೆಸ್ಟ್ ಸಿಟಿ ಬಸ್ಸಿನ ಮಿನಿಮಮ್ ಐದು ರೂಪಾಯಿ ಇದ್ದದ್ದು 2025ರ ಮೇನಲ್ಲಿ ಹತ್ತಾಯಿತು. ಅದಕ್ಕೂ ಜನ ಬೈದರು. ಬೈಯೋದು ನಮ್ಮ ಹಕ್ಕು.

ಮೀಟರ್_ಡೌನ್
ತಾತ ಫುಲ್ ಲೆಕ್ಕ ಇಟ್ಟಿದ್ದಾರೆ 🙏

ಗ್ರಾಂಟ್‌ರೋಡ್_ಗೀತಾ
ಮೆಟ್ರೋ ಬಗ್ಗೆ ಹೇಳಿ ಯಾರಾದರೂ. ನೆಲದಡಿಯದ್ದು ವರ್ಲಿವರೆಗೆ ಮಾತ್ರ ಅಲ್ವಾ?

ಅಂಬೊಲಿ_ಅನಂತ
ಹಳೆ ಸುದ್ದಿ. 2024ರ ಅಕ್ಟೋಬರ್‌ನಲ್ಲಿ ಆರೆಯಿಂದ ಬಿ.ಕೆ.ಸಿ. (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ವರೆಗೆ, 2025ರ ಮೇನಲ್ಲಿ ವರ್ಲಿವರೆಗೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ತೆರೆಯಿತು. ಒಟ್ಟು 33 ಕಿಲೋಮೀಟರ್ ಚಿಲ್ಲರೆ. ಏರ್‌ಪೋರ್ಟ್, ಸಿದ್ಧಿವಿನಾಯಕ, ದಾದರ್, ಗಿರ್ಗಾಂವ್, ಕಾಲ್ಬಾದೇವಿ, ವಿ.ಟಿ., ಹುತಾತ್ಮಾ ಚೌಕ್, ಚರ್ಚ್‌ಗೇಟ್ ಎಲ್ಲ ಅದರಲ್ಲೇ. ಅಕ್ಕನ ಫೋರ್ಟ್ ಆಫೀಸಿಗೆ ಹುತಾತ್ಮಾ ಚೌಕ್, ಅಂದರೆ ಹಳೆ ಫ್ಲೋರಾ ಫೌಂಟನ್, ಹತ್ತಿರ.

ತುಂಗೆ_ದಂಡೆ
ಫ್ಲೋರಾ ಫೌಂಟನ್ ಕೆಳಗೆ ರೈಲಾ! ನಾವು ವಿ.ಟಿ.ಯಿಂದ ನಡೆದು ಹೋಗ್ತಿದ್ದೆವು, ಬಸ್ಸಿನ ದುಡ್ಡು ಉಳಿಸೋಕೆ.

ಡೊಂಬಿವಲಿ_ನಿವಾಸಿ
ಈಗಲೂ ನಡೀರಿ. ಆ ದಾರಿ ಮಾತ್ರ ಅಷ್ಟಾಗಿ ಬದಲಾಗಿಲ್ಲ. ಮೆಟ್ರೋದಲ್ಲಿ ಹೋದರೆ ಕಾಣೋದು ಬರೀ ಟೈಲ್ಸ್. ನನ್ನ ಲೆಕ್ಕದಲ್ಲಿ ದಕ್ಷಿಣ ಮುಂಬೈ ನೋಡೋಕೆ ಕಾಲೇ ಒಳ್ಳೇದು. ಅಲ್ಲಿ ಆಟೋ ಬೇರೆ ಇಲ್ಲ. ಬಾಂದ್ರಾ, ಸಯನ್ ದಾಟಿದ ಮೇಲೆ ಆಟೋ ಬಿಡಲ್ಲ ಅಂತ ಅಳಿಯನಿಗೆ ಮೊದಲೇ ಹೇಳಿಡಿ.

ಫೋರ್ಟ್_ಪುಸ್ತಕ
ಫೋರ್ಟ್‌ಗೆ ಹೋದಾಗ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಹುಡುಕಬೇಡಿ. 2018ರ ಫೆಬ್ರವರಿಯಲ್ಲಿ ಮುಚ್ಚಿತು. ಟಿ.ಎನ್. ಶಾನಭಾಗರು 1948ರಲ್ಲಿ ಸ್ಟ್ರ್ಯಾಂಡ್ ಸಿನಿಮಾ ಥಿಯೇಟರಿನಲ್ಲೇ ಒಂದು ಪುಟ್ಟ ಸ್ಟಾಲ್ ಹಾಕಿದ್ದರಿಂದ ಆ ಹೆಸರು. ಅದಾಗಿ ಫೋರ್ಟ್‌ನ ಗಲ್ಲಿಗೆ ಬಂದರು. ಸಂಬಳದ ದಿನ ಅಲ್ಲಿ ಹೋಗಿ ಡಿಸ್ಕೌಂಟಿನಲ್ಲಿ ಒಂದು ಪುಸ್ತಕ ತಗೊಳ್ಳೋದು ನನ್ನ ರೂಢಿಯಾಗಿತ್ತು. ಕಾಲಾ ಘೋಡಾದ ಹಾಡಿನ ಅಂಗಡಿ ರಿದಮ್ ಹೌಸ್ ಇಲ್ಲ. ಜಹಾಂಗೀರ್ ಗ್ಯಾಲರಿಯ ಸಮೋವಾರ್ ಕ್ಯಾಂಟೀನ್ ಇಲ್ಲ. ಫೌಂಟನ್ ಹತ್ತಿರದ ಫುಟ್‌ಪಾತ್ ಪುಸ್ತಕದವರು ಕೆಲವರು ಇದ್ದಾರೆ. ಇರಾನಿ ಹೋಟೆಲ್‌ಗಳಲ್ಲಿ ಬ್ಯಾಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ ಇದೆ, ಮಧ್ಯಾಹ್ನ ಹೋಗಿ. ಮರೀನ್ ಲೈನ್ಸ್ ಕಡೆ ಕಯಾನಿ ಇದೆ, 1904ರದ್ದು.

ಕುಂದಾಪ್ರ_ಕಡಲು
ಇರಾನಿ ಹೋಟೆಲ್ ಬಗ್ಗೆ ಎಲ್ಲರೂ ಅಳ್ತಾರೆ. ನಮ್ಮವರ ಹೋಟೆಲುಗಳು ಹೋಗಿದ್ದಕ್ಕೆ ಅಳೋರಿಲ್ಲ. ನಾಕಾ ನಾಕಾದಲ್ಲಿ ಒಂದು ಉಡುಪಿ ಹೋಟೆಲ್ ಇರ್ತಿತ್ತು. ಅರ್ಧ ಬಾರ್ ಎಂಡ್ ರೆಸ್ಟೋರೆಂಟ್ ಆದವು. ಇನ್ನರ್ಧದಲ್ಲಿ ದೋಸೆ, ಚೈನೀಸ್, ಪಾವ್ ಭಾಜಿ, ಪನೀರ್ ಟಿಕ್ಕಾ ಎಲ್ಲ ಒಂದೇ ಮೆನುವಿನಲ್ಲಿ.

ನನ್ನ ಅಪ್ಪ ಹೋಟೆಲ್ ಹುಡುಗನಾಗಿ ಫೋರ್ಟ್‌ಗೆ ಬಂದವರು. ಹಗಲು ಟೇಬಲ್ ಒರೆಸೋದು, ರಾತ್ರಿ ಕನ್ನಡ ನೈಟ್ ಸ್ಕೂಲು. ಅಲ್ಲೇ ಮೆಟ್ರಿಕ್ ಪಾಸು ಮಾಡಿ ಆಮೇಲೆ ಬ್ಯಾಂಕ್ ಸೇರಿದರು. ಮೊಗವೀರರ ನೈಟ್ ಸ್ಕೂಲ್ ಶುರುವಾಗಿದ್ದೇ 1908ರಲ್ಲಿ. ಮುಂಬೈಯಲ್ಲಿ ಇಂಥ ಶಾಲೆಗಳಿಂದ ಮೇಲೆ ಬಂದ ಎಷ್ಟು ಮನೆ ನಮ್ಮ ಊರಲ್ಲಿದೆ! ಟೂರ್ ಬಸ್ಸಿನವರು ಇದನ್ನು ತೋರಿಸಲ್ಲ.

ಕಿಂಗ್ಸ್‌ಸರ್ಕಲ್_ಮಂದಿ
ಕುಂದಾಪ್ರದವರೇ, ನಾನು ಅಳ್ತೀನಿ. ಅರೋರಾ ಥಿಯೇಟರ್ ಮುಚ್ಚಿದ್ದಕ್ಕೂ ಅತ್ತಿದ್ದೀನಿ. ದಕ್ಷಿಣದ ಸಿನಿಮಾ ನೋಡೋಕೆ ಅದೇ ಗತಿ ಇತ್ತು. ಮಾಟುಂಗಾದ ಕನ್ನಡ ಸಂಘ ಮೈಸೂರು ಅಸೋಸಿಯೇಷನ್ ಮಾತ್ರ ಗಟ್ಟಿಯಾಗಿ ನಿಂತಿದೆ. 1926ರದ್ದು, ನೂರು ವರ್ಷ. ತುಂಗೆ ಅಕ್ಕಾ, ಭಾವು ದಾಜಿ ರಸ್ತೆಗೆ ಹೋದಾಗ ಆ ದಿನ ಏನು ಕಾರ್ಯಕ್ರಮ ಇದೆ ಅಂತ ಬೋರ್ಡ್ ನೋಡಿ. ನಾಟಕವೋ ಸಂಗೀತವೋ ಇದ್ದರೆ ಕೂತುಬಿಡಿ. ಮಳೆಗಾಲದಲ್ಲಿ ಬಂದರೆ ಯಕ್ಷಗಾನವೂ ಸಿಗುತ್ತೆ. ಊರಲ್ಲಿ ತಿರುಗಾಟ ನಿಂತಿರುತ್ತೆ, ಕಲಾವಿದರು ಇಲ್ಲಿಗೆ ಬಂದಿರ್ತಾರೆ.

ಹುಬ್ಬಳ್ಳಿ_ಹೈದ
ಎಲ್ಲಾರೂ ಮಾಟುಂಗಾ ಮಾಟುಂಗಾ ಅಂತೀರಿ. ಕನ್ನಡದವರು ಅಂದ್ರ ಉಡುಪಿ, ಮಂಗಳೂರಿನವರಷ್ಟೇ ಏನ್ರಿ? ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ರಸ್ತೆ ಕೆಲಸ, ಕಟ್ಟಡ ಕೆಲಸ ಮಾಡಿದವರ ಸುದ್ದಿ ಯಾರು ಹೇಳವರು? ನಮ್ಮ ಮಾವ ಸಯನ್ ಹತ್ತಿರ ಜೋಪಡಿಯೊಳಗ ಇದ್ದು ಮೂರು ಮಕ್ಕಳನ್ನ ಓದಿಸಿದಾರ. ಅವರಿಗೆ ಕೆಫೆ ಮದ್ರಾಸಿನ ದೋಸಿ ಗೊತ್ತಿಲ್ಲ, ವಡಾಪಾವ್ ಗೊತ್ತು.

ಕುಂದಾಪ್ರ_ಕಡಲು
ಮಾತು ಒಪ್ಪಿದೆ ಅಣ್ಣಾ. ಬರೆಯೋರು, ಸಂಘ ಕಟ್ಟೋರು ನಮ್ಮ ಕಡೆಯವರು ಜಾಸ್ತಿ ಇದ್ದರು. ಹಾಗಾಗಿ ಕತೆಗಳೂ ನಮ್ಮದೇ ಜಾಸ್ತಿ. ನೀವು ನಿಮ್ಮ ಮಾವನವರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ನಾನು ಓದ್ತೀನಿ, ಖಂಡಿತ.

ಹುಬ್ಬಳ್ಳಿ_ಹೈದ
ಮಾಡ್ತೀನ್ರಿ. ಅಕ್ಕಾರ, ನಮ್ಮಲ್ಲಿಂದ ದಾದರ್‌ಗೆ ನೇರ ರೈಲು ಐತಿ. ಹುಬ್ಬಳ್ಳಿಗೆ ಬಂದು ಹತ್ತರಿ.

ತುಂಗೆ_ದಂಡೆ
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ದಾದರ್‌ನಲ್ಲಿ ರೂಮು ನೋಡೋಕೆ ಒಪ್ಪಿದ್ದಾಳೆ. ನನ್ನ ಕೆಲಸದ ಪಟ್ಟಿ ಶುರುವಾಗಿದೆ: ಮಂಗಳಸೂತ್ರದ ಕರಿಮಣಿ ಪೋಣಿಸೋದು, ಹಳೆ ನೆರೆಮನೆಯ ಗುಜರಾತಿ ಬಾ (ಅಜ್ಜಿ) ಅವರಿಗೆ ಮಲೆನಾಡಿನ ಅಪ್ಪೆಮಿಡಿ. ಅವರಿಗೆ ಫೋನ್ ಹಚ್ಚಿದರೆ "ಎಷ್ಟು ದಿನ ಇರ್ತೀಯ" ಅಂತ ಕೇಳಲಿಲ್ಲ, "ಎಷ್ಟು ಗಂಟೆಗೆ ಬರ್ತೀಯ, ನೀರು ಬರೋ ಟೈಮ್ ತಪ್ಪಿಸಿ ಬಾ" ಅಂದರು.

ಪರೇಲ್_ಬಿಟ್ಟವನು
ನೀರಿನ ಟೈಮ್ 😂 ಸರಿಯಾದ ಮನೆಗೇ ಹೋಗ್ತಿದ್ದೀರಿ.

ಜಾಣ_ಪ್ರಯಾಣಿಕ
ವಿಮಾನದಲ್ಲಿ ಹೋಗೋದಾದರೆ ಹುಷಾರು. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ಏರ್‌ಪೋರ್ಟ್ ಕೂಡ ಓಡ್ತಿದೆ. ಬೆಂಗಳೂರಿನಿಂದ ಅಲ್ಲಿಗೂ ವಿಮಾನ ಇದೆ. ಟಿಕೆಟ್ ಅಗ್ಗ ಅಂತ ಬುಕ್ ಮಾಡಿ ಪನ್ವೇಲ್ ಹತ್ತಿರ ಇಳಿದರೆ ದಾದರ್ ದೂರ. ಊರಿನ ಹೆಸರಷ್ಟೇ ಅಲ್ಲ, ಏರ್‌ಪೋರ್ಟ್ ಹೆಸರೂ ಓದಿ.

ಕುಂದಾಪ್ರ_ಕಡಲು
ವಿಮಾನ ಯಾಕೆ? ಶಿವಮೊಗ್ಗದಿಂದ ಬಾಳೆಬರೆ ಘಾಟಿ ಇಳಿದು ಕುಂದಾಪುರಕ್ಕೆ ಬನ್ನಿ, ಮತ್ಸ್ಯಗಂಧ ರೈಲು ಹತ್ತಿ. ಸಂಜೆ ಹೊರಟರೆ ಬೆಳಗ್ಗೆ ಕುರ್ಲಾ ಟರ್ಮಿನಸ್. ನಮ್ಮಜ್ಜ ಹಡಗಿನಲ್ಲಿ ಹೋದವರು. ಅಪ್ಪನ ಕಾಲಕ್ಕೆ ಬಸ್ಸು, ಒಂದು ಹಗಲು ಒಂದು ರಾತ್ರಿ, ಸೊಂಟ ಹಿಡಿದುಕೊಂಡೇ ಇಳೀತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ಬೊಂಬಾಯಿ ಅನ್ನೋದು ಪಕ್ಕದ ಮನೆ ಆಯಿತು. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯೋದು, ಮೊದಲಿನ ಹಾಗೆ ನಾಲ್ಕು ತಿಂಗಳಲ್ಲ. ತೆರೆದ ಬೆಳಗ್ಗೆಯೇ ಮಾಡಿ.

ಮೀಟರ್_ಡೌನ್
ಕುರ್ಲಾ ಟರ್ಮಿನಸ್ ಹೊರಗೆ ಆಟೋದವರು ಬಾಯಿಗೆ ಬಂದ ರೇಟು ಹೇಳ್ತಾರೆ. ನನ್ನ ಹತ್ತಿರ ಲಗೇಜ್ ಮುಟ್ಟೋಕೆ ಬಂದಾಗಲೇ ಒಂದು ರೇಟು, ಆಮೇಲೆ ಇನ್ನೊಂದು. ಮೀಟರ್ ಹಾಕು ಅಂದರೆ ಮುಖ ತಿರುಗಿಸ್ತಾರೆ.

ಲೇಡೀಸ್_ಸ್ಪೆಷಲ್
ಹೊರಗೆ ಬಂದು ತಿಲಕ್ ನಗರ ಸ್ಟೇಷನ್‌ಗೆ ನಡೆದು ಹೋಗಿ, ಹಾರ್ಬರ್ ಲೈನ್. ಅಲ್ಲಿಂದ ಒಂದೇ ಸ್ಟಾಪ್, ಕುರ್ಲಾ ಲೋಕಲ್ ಸ್ಟೇಷನ್. ಅಲ್ಲಿ ಸೆಂಟ್ರಲ್‌ಗೆ ಬದಲಾಯಿಸಿ ದಾದರ್.

ಡೊಂಬಿವಲಿ_ನಿವಾಸಿ
ಸೂಟ್‌ಕೇಸ್ ಇಟ್ಟುಕೊಂಡು ಕುರ್ಲಾದಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿಸೋದಾ? ಅದೂ ಬೆಳಗ್ಗೆ? ಯಾರ ಮೇಲೆ ಸಿಟ್ಟು ನಿಮಗೆ?

ಲೇಡೀಸ್_ಸ್ಪೆಷಲ್
ಗಾಡಿ ಲೇಟಾಗದಿದ್ದರೆ ಏಳು ಗಂಟೆಗೆ ಮುಂಚೆ ಆಗುತ್ತೆ.

ಡೊಂಬಿವಲಿ_ನಿವಾಸಿ
ಗಾಡಿ ಲೇಟಾಗದಿದ್ದರೆ! ಅಕ್ಕಾ, ಅಳಿಯನ ಮಾತು ಒಂದು ಕೇಳಿ. ಸ್ಟೇಷನ್‌ನಿಂದ ರೂಮಿಗೆ ಮಾತ್ರ ಟ್ಯಾಕ್ಸಿ ಮಾಡಿ.